ಬೆತ್ತದ ಚೀಟಿ

ನಮ್ಮೂರಿನಲ್ಲಿ ಹೊಡೆಸಿಕೊಂಡವರಿಗೆ ಉರಿ ಮಾತ್ರ, ಬಾಸುಂಡೆ ಏಳುವುದು ಹೊಡೆದವರ ಮೈಮೇಲೆ. ಕೆನ್ನೆಗೆ ಹೊಡೆದರೆ ಹೊಡೆದವರ ಕೆನ್ನೆ ಊದುತ್ತದೆ. ಬೆನ್ನಿಗೆ ಗುದ್ದಿದರೆ ಗುದ್ದಿದವರು ಒಂದು ವಾರ ಬೋರಲು ಮಲಗಬೇಕಾಗುತ್ತದೆ. ಹಿಂದಿನಿಂದ ನಡೆದುಬಂದದ್ದು ಹೀಗೆ. ಹಾಗೆಂದು ಇಲ್ಲಿ ಜಗಳ ಕಡಿಮೆ ಎಂದುಕೊಳ್ಳಬೇಡಿ. ಎಲ್ಲ ಊರಲ್ಲಿರುವಷ್ಟೇ ಇದೆ. ತುಂಬುತೋಳಿನ ಅಂಗಿ ಮಾತ್ರ ಇಲ್ಲಿ ಹೆಚ್ಚು ಮಾರಾಟವಾಗುತ್ತದೆ. ಊದಿದ ಕೆನ್ನೆಯ ಗಂಡಸು ಕ್ಷೌರಕ್ಕೆ ಬಂದರೆ ಕ್ಷೌರದವರು ಏನೂ ಕೇಳುವುದಿಲ್ಲ, ಆ ಕಡೆಯ ಕೆನ್ನೆಯ ಮೇಲೆ ಕತ್ತಿಯನ್ನು ಹಗುರವಾಗಿ ಆಡಿಸುತ್ತಾರೆ. ನಾನು ಚಿಕ್ಕವಳಿದ್ದಾಗ ಅಮ್ಮ ಒಮ್ಮೆ ಸೌಟಿನಿಂದ ನನ್ನ ಮೊಣಕಾಲಿಗೆ ಹೊಡೆದು ಮೂರು ದಿನ ತಾನೇ ಕುಂಟಿದಳು. ಓಣಿಯ ಹೆಂಗಸರೆಲ್ಲ ಅರಿಶಿನ ಹಚ್ಚಿಕೋ ಎಂದರೇ ಹೊರತು ಏನಾಯಿತೆಂದು ಯಾರೂ ಕೇಳಲಿಲ್ಲ.

ನಾನು ಹೇಳಬೇಕೆಂದಿರುವುದು ನಮ್ಮ ಶಾಲೆಯಲ್ಲಿ ನಡೆದದ್ದು. ನನ್ನ ಹೆಸರು ಸುಲೋಚನಾ, ಏಳನೇ ತರಗತಿಗೆ ಗಣಿತ ಕಲಿಸುತ್ತೇನೆ. ಹಿಂದೆ ಇಲ್ಲಿನ ಮೇಷ್ಟ್ರುಗಳು ತಾವೇ ಹೊಡೆದು ತಾವೇ ಅನುಭವಿಸುತ್ತಿದ್ದರಂತೆ. ಒಂದು ಏಟಿಗೆ ಮುಂಚೆ ಹತ್ತು ಸಲ ಯೋಚಿಸುತ್ತಿದ್ದರಂತೆ. ಆಮೇಲೆ ಮಕ್ಕಳ ಸಂಖ್ಯೆ ಹೆಚ್ಚಿತು, ಗಲಾಟೆ ಹೆಚ್ಚಿತು, ಮೇಷ್ಟ್ರುಗಳು ಒಬ್ಬೊಬ್ಬರೇ ವರ್ಗ ಮಾಡಿಸಿಕೊಂಡು ಹೊರಟರು. ಆಗ ಶಾಲಾ ಕಮಿಟಿಯವರು ಕೂತು ಒಂದು ಹುದ್ದೆ ಹುಟ್ಟಿಸಿದರು. ಕಾಗದದಲ್ಲಿ ಅದರ ಹೆಸರು ಶಿಸ್ತು ಸಹಾಯಕ. ಮಕ್ಕಳ ಬಾಯಲ್ಲಿ ಬೆತ್ತದಪ್ಪ. ಆ ಕೆಲಸಕ್ಕೆ ಬಂದವರು ಚೌಡಪ್ಪ, ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಿದ್ದ, ಮಾತು ಕಡಿಮೆಯ ಮನುಷ್ಯ. ಶಾಲೆಯ ಹಿಂದೆ ನೀರಿನ ತೊಟ್ಟಿಯ ಪಕ್ಕ ಗುದ್ದಲಿ ಪಿಕಾಸಿ ಇಡುತ್ತಿದ್ದ ತಗಡಿನ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟರು. ನಾನು ಸೇರುವ ಹೊತ್ತಿಗೆ ಅವರು ಅಲ್ಲಿ ಹನ್ನೊಂದು ವರ್ಷ ಕಳೆದಿದ್ದರು.

ಪ್ರತಿ ಮೇಷ್ಟ್ರಿಗೂ ಒಂದು ಚೀಟಿ ಪುಸ್ತಕ. ಮಗುವಿನ ಹೆಸರು, ತರಗತಿ, ಎಷ್ಟು ಏಟು ಎಂದು ಬರೆದು ಸಹಿ ಹಾಕಿ ಹರಿದುಕೊಟ್ಟರೆ ನಮ್ಮ ಕೆಲಸ ಮುಗಿಯಿತು. ಮಗು ಚೀಟಿ ಹಿಡಿದು ತೊಟ್ಟಿಯ ಕಡೆ ಹೋಗುತ್ತದೆ, ಐದು ನಿಮಿಷಕ್ಕೆ ಅಂಗೈಯನ್ನು ಕಂಕುಳಲ್ಲಿ ಅದುಮಿಕೊಂಡು ಬಂದು ಜಾಗದಲ್ಲಿ ಕೂರುತ್ತದೆ. ಮಗುವಿನ ಕೈಮೇಲೆ ಗುರುತಿಲ್ಲ. ಮೇಷ್ಟ್ರ ಕೈಮೇಲೂ ಇಲ್ಲ. ಎಲ್ಲ ಎಷ್ಟು ಚೊಕ್ಕ.

ನನಗೆ ಸಿಕ್ಕಿದ್ದು ಏಳನೇ ಬಿ ವಿಭಾಗ, ಐವತ್ತೆರಡು ಮಕ್ಕಳು. ಅದರಲ್ಲಿ ಐವತ್ತೊಂದು ಮಕ್ಕಳನ್ನು ಹೇಗೋ ನಿಭಾಯಿಸಬಹುದಿತ್ತು. ಐವತ್ತೆರಡನೆಯವಳು ದಾಕ್ಷಾಯಿಣಿ. ಎಲ್ಲರೂ ದಾಕ್ಷಿ ಎನ್ನುತ್ತಿದ್ದರು. ಹಿಂದಿನ ಬೆಂಚಿನ ಉದ್ದ ಜಡೆಯ ಹುಡುಗಿ. ನಾನು ಬೋರ್ಡಿನ ಕಡೆ ತಿರುಗಿದ ಕೂಡಲೇ ಬಾಯಿ ಮುಚ್ಚಿಕೊಂಡು ಮ್ ಎಂದು ದನಿ ಎಳೆಯುತ್ತಿದ್ದಳು. ಅಕ್ಕಪಕ್ಕದವರು ಸೇರಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಇಡೀ ಕೋಣೆ ಜೇನುಗೂಡಿನಂತೆ ಗುಂಯ್ ಎನ್ನುತ್ತಿತ್ತು. ತಿರುಗಿ ನೋಡಿದರೆ ಐವತ್ತೆರಡು ಮುಖಗಳೂ ಮುಗ್ಧ, ಒಂದು ತುಟಿಯೂ ಅಲುಗುತ್ತಿಲ್ಲ. ಯಾರ ಹತ್ತಿರ ಹೋದರೂ ಆ ಬೆಂಚು ಸುಮ್ಮನಾಗಿ ಉಳಿದ ಬೆಂಚುಗಳು ಮುಂದುವರಿಸುತ್ತಿದ್ದವು. ಅದು ಸಾಲದೆಂದು ದಾಕ್ಷಿ ನನ್ನ ದನಿಯನ್ನೇ ತೆಗೆದು, "ಇಲ್ಲಿ ಗಮನ ಕೊಡಿ, ಇದು ಪರೀಕ್ಷೆಗೆ ಬರುತ್ತೆ" ಎನ್ನುವಳು. ಅಷ್ಟು ಚೆನ್ನಾಗಿ ಅನ್ನುತ್ತಿದ್ದಳೆಂದರೆ ಒಂದು ದಿನ ಮುಂದಿನ ಬೆಂಚಿನವರು ನಿಜವಾಗಿ ಗಮನ ಕೊಟ್ಟರು.

ಗದರಿದೆ, ಹೊರಗೆ ನಿಲ್ಲಿಸಿದೆ, ಅಪ್ಪನನ್ನು ಕರೆಸಿದೆ. ಒಂದೂ ನಾಟಲಿಲ್ಲ. ಕೊನೆಗೆ ಒಂದು ದಿನ ಚೀಟಿ ಬರೆದೆ: ನಾಲ್ಕು ಏಟು. ಆ ದಿನ ನನಗೆ ನಾಚಿಕೆಯಾಗಲಿಲ್ಲ, ಹಾಯೆನಿಸಿತು. ಅದನ್ನು ಮುಚ್ಚಿಡುವುದಿಲ್ಲ. ದಾಕ್ಷಿ ಮರಳಿ ಬಂದು ಕೂತ ಮೇಲೆ ಕೋಣೆಯಲ್ಲಿ ಸೀಮೆಸುಣ್ಣದ ಸದ್ದು ಮಾತ್ರ ಕೇಳಿಸಿತು. ಇಷ್ಟು ಸುಲಭವೇ ಎನ್ನಿಸಿತು. ಆಮೇಲೆ ಪುಸ್ತಕ ತರದವರಿಗೂ ಬರೆದೆ, ಆಕಳಿಸಿದವರಿಗೂ ಬರೆದೆ. ತಲೆನೋವಿದ್ದ ದಿನ ಸ್ವಲ್ಪ ಹೆಚ್ಚೇ ಬರೆದೆ. ಮೂರು ತಿಂಗಳಲ್ಲಿ ನನ್ನ ಚೀಟಿ ಪುಸ್ತಕ ಮುಗಿದು ಎರಡನೆಯದು ಬಂತು. ಹೆಡ್‌ಮೇಷ್ಟ್ರು ಗುರುಬಸವಯ್ಯನವರು ಎಲ್ಲರೆದುರು, "ಏಳನೇ ಬಿ ಈಗ ದೇವಸ್ಥಾನ ಇದ್ದ ಹಾಗಿದೆ, ಸುಲೋಚನಾ ಮೇಡಂ ಬಿಗಿ ಮಾಡಿದ್ದಾರೆ" ಎಂದರು. ನಾನು ಹೆಮ್ಮೆಪಟ್ಟುಕೊಂಡು ಮನೆಗೆ ಹೋದೆ. ಆ ಹೊಗಳಿಕೆ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ಅದಾದ ವಾರಕ್ಕೆ ಸೊಸೈಟಿಯಲ್ಲಿ ಅಕ್ಕಿಗೆ ಸಾಲು ನಿಂತಿದ್ದೆ. ನನ್ನ ಮುಂದೆ ಚೌಡಪ್ಪ ಇದ್ದರು. ಶಾಲೆಯಲ್ಲಿ ದೂರದಿಂದ ಕಂಡದ್ದಷ್ಟೇ, ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅವರು ಹೆಬ್ಬೆಟ್ಟನ್ನು ಯಂತ್ರದ ಮೇಲಿಟ್ಟರು. ಯಂತ್ರ ಕೆಂಪು ದೀಪ ತೋರಿಸಿತು. ಇನ್ನೊಂದು ಬೆರಳಿಟ್ಟರು. ಮತ್ತೆ ಕೆಂಪು. ಅಂಗಡಿಯವನು ಹತ್ತೂ ಬೆರಳನ್ನು ಒತ್ತಿಸಿ ನೋಡಿ ಚೀಲವನ್ನು ಪಕ್ಕಕ್ಕೆ ತಳ್ಳಿದ.

"ಬೆರಳು ತಗೊಳ್ತಿಲ್ಲ ಚೌಡಪ್ಪ. ಮುಂದಿನ ತಿಂಗಳು ಬಾ."

"ಹೋದ ತಿಂಗ್ಳೂ ಹಿಂಗೇ ಅಂದ್ರಿ ಸಾಮಿ."

"ಮನೆಯವರು ಯಾರನ್ನಾದ್ರೂ ಕಳಿಸು ಮತ್ತೆ."

"ಅವ್ವ ಒಬ್ಳೇ ಇರಾದು. ಅವ್ಳಿಗೆ ಎದ್ದು ಕೂರಾಕೂ ಆಗಲ್ಲ."

ನಾನು ಅವರ ಕೈ ನೋಡಿದೆ. ಎಡಗೈ ಊದಿ ಬೆರಳುಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಅಂಗೈ ತುಂಬ ಬಾಸುಂಡೆಗಳು, ಹಳೆಯವು ಕಪ್ಪಗೆ, ಅವುಗಳ ಮೇಲೆ ಹೊಸವು ಕೆಂಪಗೆ. ಬೆರಳ ತುದಿಯ ಚರ್ಮ ಒಡೆದು ಸುಲಿದಿತ್ತು. ಬಲಗೈ ಅಷ್ಟಿಲ್ಲ, ಆದರೆ ಅದೂ ಕೈಯಂತೆ ಇರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಅಂಗಡಿಯವನ ಮೇಲೆ ಹರಿಹಾಯ್ದೆ. ಬೆರಳು ಬಾರದವರಿಗೆ ವಹಿಯಲ್ಲಿ ಬರೆದುಕೊಂಡು ಕೊಡಬೇಕೆಂಬ ನಿಯಮ ಇದೆಯೋ ಇಲ್ಲವೋ, ಎರಡು ತಿಂಗಳು ಮುದುಕಿ ಏನು ತಿಂದಿರಬೇಕು, ಬರೆಯುತ್ತೀಯೋ ಇಲ್ಲ ತಾಲ್ಲೂಕು ಆಫೀಸಿಗೆ ಹೋಗಲೋ ಎಂದೆ. ಸಾಲಿನವರೂ ದನಿ ಸೇರಿಸಿದರು. ಅವನು ಗೊಣಗುತ್ತಾ ವಹಿ ತೆಗೆದ. ಅವನ ಮೇಲೆ ರೇಗುವುದು ನನಗೆ ಸುಲಭವಾಗಿತ್ತು.

ಹೊರಗೆ ಬಂದ ಮೇಲೆ ಚೀಲದ ಒಂದು ಮೂಲೆ ಹಿಡಿದುಕೊಂಡು ಅವರ ಜತೆ ನಡೆದೆ. ಅಂಗೈ ಮಧ್ಯದ ಹೊಸ ಗೆರೆಗಳನ್ನು ತೋರಿಸಿ ಮೆಲ್ಲಗೆ ಕೇಳಿದೆ, "ಇದು ನಿನ್ನೆ ನಾನು ಬರೆದದ್ದಾ?"

"ಅಲ್ಲ ಟೀಚರಮ್ಮ, ಅದು ಸೈನ್ಸ್ ಮೇಷ್ಟ್ರುದು." ಅವರು ಕೈಯನ್ನು ಬೆಳಕಿಗೆ ಹಿಡಿದರು. "ನಿಮ್ದು ಈ ಕಡೆ ನಾಕು. ಈ ಬೆರಳಿಂದು ಕನ್ನಡ ಮೇಡಮ್ಮೋರ್ದು. ಮಗ ಹೆದ್ರಿ ಕೈ ಹಿಂದಕ್ಕೆಳ್ಕಂತು, ಏಟು ಬೆರಳಿಗೆ ಬಿತ್ತು."

ಹೊಲದ ಬದು ತೋರಿಸಿ ಇದು ಇಂಥವರದು, ಅದು ಇಂಥವರದು ಎನ್ನುವವರ ಹಾಗೆ ಹೇಳಿದರು. ದನಿಯಲ್ಲಿ ದೂರು ಇರಲಿಲ್ಲ. ಮಕ್ಕಳಿಗೆ ಎಡಗೈಯನ್ನೇ ಚಾಚಲು ಹೇಳುತ್ತಾರಂತೆ, ಬೆತ್ತ ಹಿಡಿಯಲು ಬಲಗೈ ಉಳಿಯಬೇಕಲ್ಲ. ಎಡಗೈ ತುಂಬಿಹೋದ ದಿನ ಮಾತ್ರ ಬಲಗೈ ಕೇಳುತ್ತಾರಂತೆ. ನಾನು ತಪ್ಪಾಯಿತು ಎಂದೆ. ಆ ಮಾತು ನನ್ನ ಕಿವಿಗೇ ಹಗುರವಾಗಿ ಕೇಳಿಸಿತು.

ಅವರು ಚೀಲದ ಹಿಡಿತ ಬದಲಿಸಿಕೊಂಡರು. ಆಮೇಲೆ ಹೇಳಿದರು, "ಕೈ ನಂದು, ಸಿಟ್ಟು ನಿಮ್ದು. ಅದು ಹೆಂಗೋ ನಡ್ಕಂಡೋಯ್ತದೆ. ಆದ್ರೆ ಮಕ್ಳು ನನ್ನ ಕಂಡ್ರೆ ರಸ್ತೆ ಆ ಕಡೀಕೋಯ್ತವೆ. ನಿಮ್ಮನ್ನ ಕಂಡ್ರೆ ನಮಸ್ತೆ ಟೀಚರ್ ಅಂತವೆ. ಅದೊಂದು ನನಗೆ ಇವತ್ತಿಗೂ ಒಗ್ಗಿಲ್ಲ."

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಈ ಮಾತೆತ್ತಿದೆ. ಎಲ್ಲರೂ ಟೀ ಕುಡಿಯುತ್ತಿದ್ದರು. ಚೌಡಪ್ಪನವರ ಕೈ ನೋಡಿದ್ದೀರಾ ಎಂದು ಕೇಳಿದರೆ ಒಬ್ಬರೂ ನೋಡಿರಲಿಲ್ಲ. ತೊಟ್ಟಿಯ ಕಡೆ ಹೋಗುವ ಪ್ರಸಂಗವೇ ಅವರಿಗೆ ಬಂದಿರಲಿಲ್ಲ. ಹನ್ನೊಂದು ವರ್ಷ.

"ಮೇಡಂ, ಅವರನ್ನ ಯಾರೂ ಕಟ್ಟಿ ಹಾಕಿಲ್ಲ," ಎಂದರು ಗುರುಬಸವಯ್ಯನವರು. "ಕಷ್ಟ ಆದರೆ ಕೆಲಸ ಬಿಡಬಹುದು."

"ಬಿಟ್ಟು ಊಟಕ್ಕೇನು ಮಾಡ್ತಾರೆ ಸರ್?"

"ಅದು ಶಾಲೆಯ ವಿಷಯ ಅಲ್ಲ."

"ಕೈ ಶಾಲೆಗೆ ಬೇಕು, ಹೊಟ್ಟೆ ಶಾಲೆಯ ವಿಷಯ ಅಲ್ಲ. ಹಾಗೇನು?"

ವಿಜ್ಞಾನದ ವಾಮನ ಮೇಷ್ಟ್ರು ಲೋಟ ಕೆಳಗಿಟ್ಟು ನಕ್ಕರು. "ಚೀಟಿ ಇಲ್ಲದೆ ಆ ಏಳನೇ ಬಿನ ಒಂದು ವಾರ ನಡೆಸಿ ತೋರಿಸಿ. ಆಮೇಲೆ ಮಾತಾಡೋಣ. ಅಲ್ಲಿಯ ತನಕ ಇದೆಲ್ಲ ಬರೀ ಭಾಷಣ."

ಅವರ ಮಾತಿನಲ್ಲಿ ನಿಜವಿತ್ತು, ಅದೇ ನನ್ನನ್ನು ಇನ್ನೂ ಕೆರಳಿಸಿತು. ಚೀಟಿ ಪುಸ್ತಕವನ್ನು ಹೆಡ್‌ಮೇಷ್ಟ್ರ ಮುಂದಿಟ್ಟು ತರಗತಿಗೆ ಹೋದೆ.

ಮಕ್ಕಳಿಗೆ ಸುದ್ದಿ ನನಗಿಂತ ಮುಂಚೆ ತಲುಪಿತ್ತು. ಆ ವಾರ ನಾನು ಕಂಡದ್ದು ತರಗತಿಯಲ್ಲ, ಸಂತೆ. ಮೂರು ತಿಂಗಳ ಮೌನವೆಲ್ಲ ಒಟ್ಟಿಗೆ ಬಾಯಿ ಬಿಟ್ಟಿತು. ಅದು ಮೌನವೇ ಆಗಿರಲಿಲ್ಲ, ಕಟ್ಟಿಹಾಕಿದ್ದ ಗಲಾಟೆ ಎಂದು ಆಗ ಗೊತ್ತಾಯಿತು. ಒಂದು ದಿನ, ಸರಿ, ಗಡಿಯಾರ ನೋಡಿಕೊಂಡು ಎರಡು ನಿಮಿಷ ಎಲ್ಲರೂ ಗುಂಯ್ ಅನ್ನಿ ಎಂದೆ. ಒಂದೂವರೆ ನಿಮಿಷಕ್ಕೆ ಅವರಿಗೇ ಸುಸ್ತಾಗಿ ನಗು ಬಂತು. ಗೆದ್ದೆನೆಂದುಕೊಂಡೆ. ಮಾರನೆಯ ದಿನ ಅವರೇ ನನ್ನನ್ನು ಕೇಳದೆ ಎರಡು ನಿಮಿಷ ಶುರುಮಾಡಿದರು. ದಾಕ್ಷಿಯನ್ನು ಲೀಡರ್ ಮಾಡಿದೆ, ಗಲಾಟೆ ಮಾಡಿದವರ ಹೆಸರು ಬರಿ ಎಂದೆ. ಅವಳು ಐವತ್ತೊಂದು ಹೆಸರು ಬರೆದು ಕೆಳಗೆ ನನ್ನದನ್ನೂ ಸೇರಿಸಿದ್ದಳು. ಮನೆಗೆ ಹೋಗಿ ಅತ್ತುಬಿಟ್ಟೆ. ವಾಮನ ಮೇಷ್ಟ್ರು ಪಡಸಾಲೆಯಲ್ಲಿ ಎದುರಾದಾಗಲೆಲ್ಲ ಹೇಗಿದೆ ಮೇಡಂ ಎಂದು ಕೇಳುತ್ತಿದ್ದರು.

ನಿಧಾನವಾಗಿ ಒಂದೆರಡು ಸಂಗತಿ ಕಲಿತೆ. ಬೋರ್ಡಿನ ಮುಂದೆ ನಿಂತು ಕಿರುಚಿದರೆ ಕೆಲಸವಾಗುವುದಿಲ್ಲ; ಬೆಂಚುಗಳ ನಡುವೆ ಓಡಾಡುತ್ತ ಪಾಠ ಮಾಡಿದರೆ ಅರ್ಧ ಗಲಾಟೆ ಹುಟ್ಟುವುದೇ ಇಲ್ಲ. ಐವತ್ತೆರಡು ಹೆಸರೂ ಬಾಯಿಗೆ ಬರಬೇಕು. ಲೆಕ್ಕ ಬೇಗ ಮುಗಿಸಿದವರಿಗೆ ಇನ್ನೊಂದು ಲೆಕ್ಕ ಕೈಯಲ್ಲಿ ಸಿದ್ಧವಿರಬೇಕು. ಆಡಿದ ಮಾತು ಆಡಿದ ಹಾಗೆ ನಡೆಯಬೇಕು, ನಾಳೆ ಬೇರೆ ಆಗಬಾರದು. ಒಂದೊಂದು ದಿನ ನಡೆಯಿತು, ಒಂದೊಂದು ದಿನ ಇಲ್ಲ. ದಾಕ್ಷಿಯನ್ನು ಒಮ್ಮೆ ಊಟದ ಬಿಡುವಿನಲ್ಲಿ ಒಬ್ಬಳನ್ನೇ ಕೂರಿಸಿಕೊಂಡು ಕೇಳಿದೆ. ಮನೆಯಲ್ಲಿ ಏನಾದರೂ ತೊಂದರೆಯೇ, ಯಾರಾದರೂ ಬೈಯುತ್ತಾರೆಯೇ, ಬೋರ್ಡು ಕಾಣುವುದಿಲ್ಲವೇ. ಎಲ್ಲದಕ್ಕೂ ಹಾಗೇನಿಲ್ಲವೆಂದು ತಲೆಯಾಡಿಸಿದಳು.

"ಮತ್ತೆ ಯಾಕೆ ಹೀಗೆ ಮಾಡ್ತೀಯ?"

ಅವಳು ನಿಜವಾಗಿಯೂ ಯೋಚಿಸಿದಳು. "ಗೊತ್ತಿಲ್ಲ ಟೀಚರ್. ಸುಮ್ನೆ ಕೂತ್ರೆ ಬಾಯಿ ತುಂಬ್ಕಂಡಂಗೆ ಆಯ್ತದೆ. ಬಿಡದೇ ಹೋದ್ರೆ ಒಡೆದೋಗ್ತೀನಿ ಅನ್ನಿಸ್ತದೆ."

"ಹಾಗಾದಾಗ ಕೈ ಎತ್ತು. ಹೋಗಿ ತೊಟ್ಟಿ ಸುತ್ತ ಒಂದು ಸುತ್ತು ಓಡಿ ಬಾ. ಕೇಳೋದು ಬೇಡ, ಬರೀ ಕೈ ಎತ್ತು."

ಮೊದಲ ದಿನ ಹನ್ನೊಂದು ಸಲ ಓಡಿದಳು. ಎರಡನೆಯ ತಿಂಗಳಿಗೆ ಅದು ನಾಲ್ಕಕ್ಕೆ ಇಳಿದಿತ್ತು. ಅವಳು ಒಳ್ಳೆಯ ಹುಡುಗಿಯಾದಳೆಂದು ನಾನು ಹೇಳುತ್ತಿಲ್ಲ. ನನ್ನ ದನಿಯನ್ನು ಈಗಲೂ ಅಣಕಿಸುತ್ತಿದ್ದಳು. ಆದರೆ ಅವಳು ಓಡಿ ಬಂದು ಕೂತ ಮೇಲೆ ಹತ್ತು ಹದಿನೈದು ನಿಮಿಷ ಪಾಠ ನಡೆಯುತ್ತಿತ್ತು, ಅಷ್ಟು ಸಾಕಾಗಿತ್ತು.

ಹೀಗಿರುವಾಗ ಕಮಿಟಿಯ ಅಧ್ಯಕ್ಷರು ಶಾಲೆ ನೋಡಲು ಬಂದರು. ಜರಿಯಂಚಿನ ಶಲ್ಯದ, ಪ್ರತಿ ಮಾತಿಗೂ "ಅರ್ಥವಾಯಿತಲ್ಲವೇ" ಎಂದು ಸೇರಿಸುವ ದೊಡ್ಡ ಮನುಷ್ಯರು. ಹೆಡ್‌ಮೇಷ್ಟ್ರು ಅವರನ್ನು ತೊಟ್ಟಿಯ ಕಡೆ ಕರೆದುಕೊಂಡು ಹೋಗುವ ಹೊತ್ತಿಗೆ ದಾಕ್ಷಿ ಜಡೆ ಹಾರಿಸುತ್ತ ಓಡಿಬಂದಳು. ಪಾಠದ ಹೊತ್ತಿನಲ್ಲಿ ಹೀಗೆ ಓಡಾಡುವುದು ಶಿಸ್ತಲ್ಲ, ಅರ್ಥವಾಯಿತಲ್ಲವೇ ಎಂದು ಅಧ್ಯಕ್ಷರು ಕೇಳಿದರು. ಅವಳು ನಿಂತು, ಅವರದೇ ಗಂಟಲಲ್ಲಿ, "ಅರ್ಥವಾಯಿತು, ಅರ್ಥವಾಯಿತಲ್ಲವೇ" ಎಂದಳು. ಅವರ ಹಿಂದೆ ನಿಂತಿದ್ದ ಜವಾನ ನಕ್ಕುಬಿಟ್ಟ.

ಹನ್ನೆರಡು ಏಟಿನ ಚೀಟಿಯನ್ನು ಗುರುಬಸವಯ್ಯನವರು ಅಲ್ಲೇ ನಿಂತು ಬರೆದರು. ಜವಾನ ಓಡಿಬಂದು ನನಗೆ ಹೇಳಿದ. ತರಗತಿಯನ್ನು ಹಾಗೇ ಬಿಟ್ಟು ತೊಟ್ಟಿಯ ಹತ್ತಿರ ಹೋದೆ. ತಗಡಿನ ಕೋಣೆಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಒಂದು ಸ್ಟೂಲು, ಒಂದು ಬಾಟಲಿ ಕೊಬ್ಬರಿ ಎಣ್ಣೆ, ಗೋಡೆಗೆ ಒರಗಿಸಿದ ಬೆತ್ತ. ದಾಕ್ಷಿ ಎಡಗೈ ಚಾಚಿ ನಿಂತಿದ್ದಳು. ಚೌಡಪ್ಪ ಚೀಟಿಯನ್ನು ದಿಟ್ಟಿಸುತ್ತಿದ್ದರು. ಅವರ ಎಡ ಅಂಗೈ ನಡುವೆ ಬಿರಿದು ನೀರು ಒಸರುತ್ತಿತ್ತು.

"ಹೊಡೀಬೇಡಿ," ಎಂದೆ. "ನಾನು ಹೋಗಿ ಮಾತಾಡ್ತೀನಿ."

"ನೀವು ಮಾತಾಡಿದ್ದು ಆಯ್ತು ಟೀಚರಮ್ಮ." ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಆಗಲೇ. "ನೀವು ಪುಸ್ತಕ ವಾಪಸ್ ಕೊಟ್ರಿ. ನಿಮ್ಮ ಚೀಟಿ ಬರಾದು ನಿಂತ್ಮೇಲೆ ಮಿಕ್ಕೋರು ಎರಡರಷ್ಟು ಬರೀತಾವ್ರೆ. ಏಳನೇ ಬಿ ಗಲಾಟೆ ಪಕ್ಕದ ಕೋಣೇಗೂ ಹಬ್ತಂತೆ. ನಿಮ್ಮ ಕೈ ತೊಳ್ಕಂಡ್ರಿ ನೀವು. ನನ್ನ ಕೈ ಏನಾಯ್ತು ನೋಡಾಕೆ ಬಂದ್ರಾ ಒಂದು ದಿನ?"

ಹೋಗಿರಲಿಲ್ಲ. ತರಗತಿ ನಡೆಸುವ ಗಡಿಬಿಡಿಯಲ್ಲಿ ಎರಡು ತಿಂಗಳು ಆ ಕಡೆ ತಲೆ ಹಾಕಿರಲಿಲ್ಲ. ನಾನೇ ಸರಿ ಎಂಬ ಉಬ್ಬಿನಲ್ಲಿದ್ದೆ.

ಅವರು ಬೆತ್ತವನ್ನು ಎತ್ತಿಕೊಂಡರು. ಹೊಡೆಯಲಿಲ್ಲ. ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿ, "ಬಾ ಮಗ" ಎಂದು ದಾಕ್ಷಿಯನ್ನು ಕರೆದುಕೊಂಡು ಅಂಗಳ ದಾಟಿದರು. ನಾನು ಹಿಂದೆ ಹೋದೆ. ಕಿಟಕಿಗಳಲ್ಲಿ ಮಕ್ಕಳ ತಲೆಗಳು ಮೂಡಿದವು. ಹೆಡ್‌ಮೇಷ್ಟ್ರ ಕೋಣೆಯಲ್ಲಿ ಅಧ್ಯಕ್ಷರಿಗೆ ಬಿಸ್ಕತ್ತು ಟೀ ಕೊಟ್ಟಿದ್ದರು. ಚೌಡಪ್ಪ ಒಳಗೆ ಹೋಗಿ, ಬಿಸ್ಕತ್ತಿನ ತಟ್ಟೆಯ ಪಕ್ಕ ಮೊದಲು ಚೀಟಿ ಇಟ್ಟರು, ಆಮೇಲೆ ಬೆತ್ತ ಇಟ್ಟರು, ಆಮೇಲೆ ತಮ್ಮ ಎರಡೂ ಕೈಯನ್ನು ಮೇಜಿನ ಮೇಲೆ ಬಿಡಿಸಿಟ್ಟರು.

"ಇವತ್ತು ನನ್ನ ಕೈಲಾಗಲ್ಲ ಸಾ. ಬರೆದೋರು ನೀವು. ನೀವೇ ಕೊಡಿ."

ಅಧ್ಯಕ್ಷರು ಆ ಕೈಗಳನ್ನು ನೋಡಿ ಟೀ ಲೋಟವನ್ನು ಹಿಂದಕ್ಕೆ ಎಳೆದುಕೊಂಡರು. ಗುರುಬಸವಯ್ಯನವರ ಮುಖ ಕಪ್ಪಿಟ್ಟಿತು. ಅಧ್ಯಕ್ಷರ ಮುಂದೆ, ಜವಾನನ ಮುಂದೆ, ಕಿಟಕಿ ತುಂಬ ಮಕ್ಕಳ ಮುಂದೆ ಆಗುವುದಿಲ್ಲ ಎನ್ನುವ ಹಾಗಿರಲಿಲ್ಲ. ಎದ್ದು ಬೆತ್ತ ಹಿಡಿದರು. ಕೈ ಚಾಚು ಎಂದರು, ಯಾವ ಕೈ ಎಂದು ಹೇಳಲಿಲ್ಲ. ದಾಕ್ಷಿ ಒಂದು ಸಲ ಚೌಡಪ್ಪನವರ ಕಡೆ ನೋಡಿ ಬಲಗೈ ಚಾಚಿದಳು.

ಏಟು ಬಿತ್ತು. ಅವಳು ಮುಖ ಕಿವುಚಿದಳು, ಅಳಲಿಲ್ಲ. ಬೆತ್ತ ಹಿಡಿದಿದ್ದ ಹೆಡ್‌ಮೇಷ್ಟ್ರ ಬಲ ಅಂಗೈಯಲ್ಲಿ ಬಾಸುಂಡೆ ಎದ್ದಿರಬೇಕು, ಹಿಡಿತ ಸಡಿಲವಾಗಿ ಬೆತ್ತ ಜಾರಿತು. ಅವರು ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಬಹಳ ಹೊತ್ತು ನೋಡಿಕೊಂಡರು. ಐವತ್ತೇಳು ವರ್ಷದ ಮನುಷ್ಯ, ಆ ಅಂಗೈಯಲ್ಲಿ ಅದುವರೆಗೆ ಸೀಮೆಸುಣ್ಣದ ಪುಡಿ ಬಿಟ್ಟು ಬೇರೇನೂ ಅಂಟಿರಲಿಲ್ಲ.

"ಒಂದು," ಎಂದಳು ದಾಕ್ಷಿ. ತಗಡಿನ ಕೋಣೆಯಲ್ಲಿ ಏಟುಗಳನ್ನು ಹೊಡೆಸಿಕೊಂಡವರೇ ಎಣಿಸಬೇಕಾಗಿತ್ತು. ಕೈ ಚಾಚಿಯೇ ಇತ್ತು. "ಇನ್ನೂ ಹನ್ನೊಂದು ಅವೆ ಸಾ."

ಕೊನೆಗೆ ಅಧ್ಯಕ್ಷರು ಶಲ್ಯ ಸರಿಮಾಡಿಕೊಂಡು, "ಹೋಗಲಿ ಬಿಡಿ, ಚಿಕ್ಕ ಮಕ್ಕಳು" ಎಂದರು.

ಚಿಕ್ಕ ಮಕ್ಕಳು ಎಂಬುದು ಅವರಿಗೆ ಆ ಹೊತ್ತಿಗೆ ಹೊಳೆಯಿತು. ನಾನು ದಾಕ್ಷಿಯ ಹೆಗಲ ಮೇಲೆ ಕೈಯಿಟ್ಟು ಹೊರಗೆ ಕರೆತಂದೆ. ತೊಟ್ಟಿಯ ತಣ್ಣೀರಿನಲ್ಲಿ ಅವಳ ಕೈ ಮುಳುಗಿಸಿ ಹಿಡಿದೆ. ಆಗ ಅತ್ತಳು, ಜೋರಾಗಿ, ಯಾರನ್ನೂ ಅಣಕಿಸದೆ.

ಮುಂದಿನ ಸೋಮವಾರ ಕಮಿಟಿಯ ಆದೇಶ ಬಂತು. ಚೀಟಿ ಪುಸ್ತಕಗಳನ್ನು ವಾಪಸು ಪಡೆದಿದ್ದರು. ಶಿಕ್ಷೆ ಕೊಡಬೇಕೆನಿಸಿದವರು ತಾವೇ ಕೊಡತಕ್ಕದ್ದು. ಆ ತಿಂಗಳು ಇಡೀ ಶಾಲೆಯಲ್ಲಿ ಬಿದ್ದದ್ದು ಎರಡೇ ಏಟು, ಎರಡೂ ವಾಮನ ಮೇಷ್ಟ್ರವು. ತುಂಬುತೋಳಿನ ಅಂಗಿ ಅಂಗೈಯನ್ನು ಮುಚ್ಚುವುದಿಲ್ಲವಾದ್ದರಿಂದ ಎಲ್ಲರಿಗೂ ಗೊತ್ತಾಯಿತು. ಆಮೇಲೆ ಒಂದು ಮಧ್ಯಾಹ್ನ ಅವರು ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಬಂದು ಕೂತರು. ಯಾಕೆಂದು ನಾನು ಕೇಳಲಿಲ್ಲ.

ಆದರೆ ಆದೇಶದಲ್ಲಿ ಇನ್ನೊಂದು ಸಾಲಿತ್ತು. ಶಿಸ್ತು ಸಹಾಯಕ ಹುದ್ದೆಯ ಅಗತ್ಯ ಇನ್ನು ಇರುವುದಿಲ್ಲ. ಹನ್ನೊಂದು ವರ್ಷ ಈ ಶಾಲೆಯ ಎಲ್ಲರ ಸಿಟ್ಟನ್ನು ಅಂಗೈಯಲ್ಲಿ ಹೊತ್ತವರಿಗೆ ಒಂದು ಸಾಲು. ನಾನು ಹೆಡ್‌ಮೇಷ್ಟ್ರ ಕೋಣೆಗೆ ಹೋಗಿ ಕೂಗಾಡಿದೆ. ಅಧ್ಯಕ್ಷರ ಮನೆಗೂ ಹೋದೆ, ಅಂಗಳದಲ್ಲಿ ನಿಂತು ಅಲ್ಲೂ ಕೂಗಾಡಿದೆ. ಚೌಡಪ್ಪನವರಿಗೆ ಬೇರೆ ಕೆಲಸ ಕೊಡದಿದ್ದರೆ ನಾಳೆಯಿಂದ ನಾನು ಹಾಜರಿ ಪುಸ್ತಕ ಮುಟ್ಟುವುದಿಲ್ಲ ಎಂದೆ. ದಾಕ್ಷಿಯ ಅಪ್ಪ ಬಂದರು, ಇನ್ನೂ ಹತ್ತಾರು ಮನೆಗಳವರು ಬಂದರು. ಹದಿನೈದು ದಿನ ಹೀಗೇ ಹಗ್ಗಜಗ್ಗಾಟವಾದ ಮೇಲೆ ಕಮಿಟಿಯವರು ಒಪ್ಪಿ ಹೊಸ ಕೆಲಸದ ಕಾಗದ ಬರೆದುಕೊಟ್ಟರು. ನಾನೇ ಆ ಕಾಗದ ಹಿಡಿದು ಚೌಡಪ್ಪನವರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಮಲಗಿಸಿದ್ದ ಅವ್ವನಿಗೆ ಗಂಜಿ ಕುಡಿಸುತ್ತಿದ್ದರು, ಬೆರಳುಗಳು ಚಮಚ ಹಿಡಿಯುವಷ್ಟು ಬಗ್ಗುತ್ತಿದ್ದವು.

"ಏನು ಕೆಲ್ಸ ಬರ್ದವ್ರೆ ಟೀಚರಮ್ಮ?"

"ಗಂಟೆ ಹೊಡೆಯೋ ಕೆಲಸ," ಎಂದೆ. "ದಿನಕ್ಕೆ ಒಂಬತ್ತು ಸಲ. ಕಷ್ಟ ಇಲ್ಲ."

ಅವರು ಚಮಚವನ್ನು ಬಟ್ಟಲಲ್ಲಿಟ್ಟು, ಅವ್ವನ ಗಲ್ಲ ಒರೆಸಿ, ತಮ್ಮ ಕೈಗಳನ್ನು ನೋಡಿಕೊಂಡರು.

"ಹೊಡಿಯಾದು ಬಿಟ್ಟು ಬೇರೆ ಏನಾದ್ರೂ ಇದ್ರೆ ಕೇಳಿ ನೋಡಿ."

ನಾನು ಕಾಗದ ಮಡಿಸಿಕೊಂಡು ಶಾಲೆಯ ದಾರಿ ಹಿಡಿದೆ.